ಊಟಕ್ಕೆ ಕರೆದಿದ್ದಾರೆ, ಹೇಗೆ ಹೋಗೋಣ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರೆಹ ರೂಪ)

ವಾರ್ಷಿಕೋತ್ಸವದ ದಿನ ಭಾಷಣ ಎಂದರೆ ಕನ್ನಡ ಉಳಿಸುವುದು ಹೇಗೆ, ಸಂಸ್ಕೃತಿ ಬೆಳೆಸುವುದು ಹೇಗೆ ಎಂದೇ ಇರಬೇಕೆಂಬುದು ವಾಡಿಕೆ. ಆ ವಿಷಯ ಮಾತನಾಡಲು ನನಗಿಂತ ಬಲ್ಲವರು ಇಂದಿನ ಪಟ್ಟಿಯಲ್ಲಿ ಇದ್ದಾರೆ. ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಅಕ್ಕಾ, ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ನೀವು ಏನಾದರೂ ಹಗುರವಾಗಿ ಮಾತಾಡಿಬಿಡಿ" ಎಂದರು. ಊಟಕ್ಕೆ ಮುಂಚೆ ಎಂದ ಮೇಲೆ ಊಟದ ವಿಷಯವೇ ಸರಿ ಎಂದುಕೊಂಡೆ. ಕರೆದವರ ಮನೆಗೆ ಹೋದಾಗ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದೇ ಇಂದಿನ ನನ್ನ ಮಾತು. ಬರೆದುಕೊಳ್ಳುತ್ತಾ ಹೋದಂತೆ ಇದು ಅಷ್ಟೇನೂ ಹಗುರವಾದ ವಿಷಯವಲ್ಲ ಎಂದೂ ಅನ್ನಿಸಿತು. ಯಾಕೆಂದು ಹೇಳುತ್ತೇನೆ.

ಊರಿನಲ್ಲಿದ್ದಾಗ ನಾವು ಯಾರೂ ಪಾರ್ಟಿಗೆ ಹೋದವರಲ್ಲ. ಮದುವೆ, ಮುಂಜಿ, ನಾಮಕರಣ, ಸತ್ಯನಾರಾಯಣ ಪೂಜೆ, ಗೌರಿಹಬ್ಬದ ಅರಿಸಿನ ಕುಂಕುಮ, ಇವಕ್ಕೆ ಹೋಗುತ್ತಿದ್ದೆವು. ಪ್ರತಿಯೊಂದಕ್ಕೂ ಒಂದು ಕ್ರಮ ಇತ್ತು. ಮನೆಗೆ ಬಂದು ಕುಂಕುಮ ಕೊಟ್ಟು ಬಾಯ್ತುಂಬ ಕರೆಯದಿದ್ದರೆ ನಮ್ಮ ಅಜ್ಜಿ ಹೊಸಿಲು ದಾಟುತ್ತಿರಲಿಲ್ಲ. ಪಂಕ್ತಿಯಲ್ಲಿ ಕುಳಿತರೆ ಎಲ್ಲರಿಗೂ ಬಡಿಸುವ ತನಕ ಎಲೆಗೆ ಕೈ ಹಾಕುವಂತಿರಲಿಲ್ಲ, ಪಕ್ಕದವರ ಊಟ ಮುಗಿಯುವ ತನಕ ಏಳುವಂತಿರಲಿಲ್ಲ. ಇದನ್ನೆಲ್ಲ ಯಾರೂ ನಮಗೆ ಕೂರಿಸಿ ಕಲಿಸಲಿಲ್ಲ, ಅಮ್ಮನ ಒಂದು ಕಣ್ಸನ್ನೆ ಸಾಕಾಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ಆ ಕ್ರಮ ಅಲ್ಲೇ ಉಳಿಯಿತು, ಊಟ ಮಾತ್ರ ನಮ್ಮ ಜೊತೆ ಬಂತು. ಇಲ್ಲಿನವರ ಕ್ರಮವೇನೋ ಇತ್ತು. 1922ರಲ್ಲಿ ಎಮಿಲಿ ಪೋಸ್ಟ್ ಎಂಬ ಮಹಿಳೆ ಬರೆದ ದಪ್ಪ ಪುಸ್ತಕವೇ ಇದೆ. ಆದರೆ ಅದರಲ್ಲಿ ಯಾವ ಮುಳ್ಳುಚಮಚ ಯಾವ ಕಡೆ ಇಡಬೇಕು ಎಂದು ಹೇಳಿದ್ದಾರೆಯೇ ಹೊರತು, ನಲವತ್ತು ಜನ ಬಿಸಿಬೇಳೆಭಾತ್ ತಿನ್ನಲು ಬಂದು ಇಪ್ಪತ್ತೆರಡು ಜೊತೆ ಚಪ್ಪಲಿ ಒಂದೇ ಬಾಗಿಲಲ್ಲಿ ಬಿಟ್ಟರೆ ಏನು ಮಾಡಬೇಕು ಎಂದು ಹೇಳಿಲ್ಲ. (ನಲವತ್ತು ಜನಕ್ಕೆ ಇಪ್ಪತ್ತೆರಡೇ ಜೊತೆ ಹೇಗೆ ಎಂದು ಕೇಳಬೇಡಿ. ಉಳಿದವರು ಗರಾಜಿನ ಕಡೆಯಿಂದ ಬಂದಿರುತ್ತಾರೆ!)

ಇನ್ನು ನಮ್ಮ ಶಾಸ್ತ್ರಗಳು. ಅತಿಥಿಯನ್ನು ದೇವರೆಂದು ಭಾವಿಸು ಎಂಬ ತೈತ್ತಿರೀಯ ಉಪನಿಷತ್ತಿನ ಮಾತು ನಮಗೆಲ್ಲ ಬಾಯಿಪಾಠ. ಆದರೆ ಅದು ಯಾರಿಗೆ ಹೇಳಿದ್ದು ನೋಡಿ. ಓದು ಮುಗಿಸಿ ಗುರುಗಳ ಮನೆಯಿಂದ ಹೊರಟ ಶಿಷ್ಯನಿಗೆ, ಅಂದರೆ ಮುಂದೆ ಮನೆ ಮಾಡಿಕೊಂಡು ನಾಲ್ಕು ಜನಕ್ಕೆ ಅನ್ನ ಹಾಕಬೇಕಾದವನಿಗೆ ಹೇಳಿದ್ದು. ಬಂದ ಅತಿಥಿಗೆ "ನೀನು ದೇವರಪ್ಪ, ಹೇಗೆ ಬೇಕಾದರೂ ಇರು" ಎಂದು ಯಾವ ಋಷಿಯೂ ಹೇಳಲಿಲ್ಲ. ನಮ್ಮ ಬಸವಣ್ಣನವರೂ ಅಷ್ಟೆ, ಮನೆಗೆ ಬಂದವರನ್ನು ಕೂತುಕೊಳ್ಳಿ ಎನ್ನದ ಮನೆಯವರನ್ನು ಒಂದು ವಚನದಲ್ಲಿ ಚೆನ್ನಾಗಿ ಬೈದಿದ್ದಾರೆ. ಕರೆಯುವವನ ಕರ್ತವ್ಯಕ್ಕೆ ಬೇಕಾದಷ್ಟು ಗ್ರಂಥಗಳಿವೆ. ಹೋಗುವವನ ಕರ್ತವ್ಯವನ್ನು ನಾವೇ ಹುಡುಕಿಕೊಳ್ಳಬೇಕು. ಮೇಲಾಗಿ, ತಿಥಿ ಇಲ್ಲದೆ ಬರುವವನು ಅತಿಥಿ ಎಂದು ಪಂಡಿತರು ಅರ್ಥ ಹೇಳುತ್ತಾರೆ. ನಾವಾದರೋ ತಿಥಿ, ವಾರ, ವೇಳೆ, ಗೇಟ್ ಕೋಡ್ ಎಲ್ಲ ಹೇಳಿಸಿಕೊಂಡು ಹೋಗುವವರು. ಲೆಕ್ಕಕ್ಕೆ ನಾವು ಅತಿಥಿಗಳೇ ಅಲ್ಲ!

ಕೆಟ್ಟ ಅತಿಥಿ ಹೇಗಿರುತ್ತಾನೆ ಎಂಬುದಕ್ಕೆ ಮಾತ್ರ ನಮ್ಮಲ್ಲಿ ಒಳ್ಳೆಯ ಉದಾಹರಣೆ ಇದೆ. ಮಹಾಭಾರತದ ವನಪರ್ವದಲ್ಲಿ ಬರುವ ದೂರ್ವಾಸರ ಕಥೆ. ಪಾಂಡವರು ಕಾಡಿನಲ್ಲಿದ್ದಾರೆ. ದ್ರೌಪದಿಯ ಊಟ ಆಗಿ ಅಕ್ಷಯಪಾತ್ರೆ ಬರಿದಾದ ಹೊತ್ತಿಗೆ ಸರಿಯಾಗಿ, ಹೇಳದೆ ಕೇಳದೆ, ಹತ್ತು ಸಾವಿರ ಶಿಷ್ಯರನ್ನು ಕಟ್ಟಿಕೊಂಡು ಋಷಿಗಳು ಬಂದರು. "ಸ್ನಾನ ಮಾಡಿ ಬರುತ್ತೇವೆ, ಊಟ ಸಿದ್ಧವಾಗಿರಲಿ" ಎಂದು ನದಿಗೆ ಇಳಿದರು. ಕೃಷ್ಣ ಬಂದು ಪಾತ್ರೆಗೆ ಅಂಟಿದ್ದ ಅಗುಳನ್ನು ತಿಂದ, ನದಿಯಲ್ಲಿದ್ದವರ ಹೊಟ್ಟೆ ತುಂಬಿತು. ನಾವು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತೇವೆ. ಮುಂದೇನಾಯಿತು? ಋಷಿಗಳು ಇಷ್ಟು ಅಡುಗೆ ಮಾಡಿಸಿ ಉಣ್ಣದೆ ಹೋದರೆ ಮುಖ ತೋರಿಸುವುದು ಹೇಗೆ ಎಂದು ಹೆದರಿ, ಒಂದು ಮಾತೂ ಹೇಳದೆ, ನದಿಯ ಆ ಕಡೆಯಿಂದಲೇ ಓಡಿಹೋದರು. ಮೊದಲು ಹೇಳದೆ ಬಂದದ್ದು, ಆಮೇಲೆ ಬರುತ್ತೇವೆಂದು ಹೇಳಿ ಬಾರದೆ ಹೋದದ್ದು, ಎರಡು ತಪ್ಪನ್ನೂ ಒಂದೇ ಮಧ್ಯಾಹ್ನದಲ್ಲಿ ಮಾಡಿದ ಅತಿಥಿಗಳು ಅವರು. ನಮ್ಮ ನ್ಯೂಜೆರ್ಸಿಯಲ್ಲಿ ಅವರ ಶಿಷ್ಯಪರಂಪರೆ ಚೆನ್ನಾಗಿಯೇ ಬೆಳೆದಿದೆ. ಇಲ್ಲಿನ ದ್ರೌಪದಿಯರಿಗೆ ಅಕ್ಷಯಪಾತ್ರೆಯೂ ಇಲ್ಲ, ಕೃಷ್ಣನೂ ಬರುವುದಿಲ್ಲ. ಓಕ್ ಟ್ರೀ ರೋಡಿಗೆ ಗಂಡನನ್ನು ಓಡಿಸಬೇಕು, ಅಷ್ಟೆ.

ಆದ್ದರಿಂದ ಮೊದಲನೆಯ ಮಾತು, ಆರ್.ಎಸ್.ವಿ.ಪಿ. ಇದು ಫ್ರೆಂಚ್ ಭಾಷೆಯದು, "ದಯವಿಟ್ಟು ಉತ್ತರ ಕೊಡಿ" ಎಂದು ಅರ್ಥ. ನಾವು "ಪ್ಲೀಸ್ ಆರ್.ಎಸ್.ವಿ.ಪಿ." ಎಂದು ಹಾಕಿ, ದಯವಿಟ್ಟು ದಯವಿಟ್ಟು ಎಂದು ಎರಡು ಸಲ ಬೇಡಿಕೊಂಡರೂ ಉತ್ತರ ಬರುವುದಿಲ್ಲ! ಕೆಲವರು "ಮೇಬಿ" ಎಂಬ ಗುಂಡಿ ಒತ್ತುತ್ತಾರೆ. ಅಕ್ಕಿ ನೆನೆಹಾಕುವವಳಿಗೆ "ಮೇಬಿ" ಎಂದರೆ ಎಷ್ಟು ಪಾವು? ಇನ್ನು ಕೆಲವರು ವಾಟ್ಸ್‌ಆ್ಯಪಿನಲ್ಲಿ ಒಂದು ಹೆಬ್ಬೆರಳು ಕಳಿಸುತ್ತಾರೆ. ಅದು ಬರುತ್ತೇವೆ ಎಂದೋ, ಸಂದೇಶ ನೋಡಿದೆವು ಎಂದೋ ಗೊತ್ತಾಗುವುದಿಲ್ಲ. ಬರಲಾಗುವುದಿಲ್ಲ ಎಂದು ಹೇಳುವುದಕ್ಕೆ ನಮ್ಮವರಿಗೆ ಭಾರಿ ಸಂಕೋಚ. "ಬರಲ್ಲ ಅಂದರೆ ಬೇಜಾರು ಮಾಡ್ಕೋತಾರೆ" ಎನ್ನುತ್ತಾರೆ. ಬುಧವಾರ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಶನಿವಾರ ರಾತ್ರಿ ಎಂಟಕ್ಕೆ ಹೇಳದೆ ಉಳಿದರೆ ಮಾಡಿಕೊಳ್ಳುತ್ತಾರೆ, ಭಾನುವಾರದಿಂದ ಗುರುವಾರದ ತನಕ ಉಳಿದ ಸಾಗು ತಿನ್ನುತ್ತಾ ಮಾಡಿಕೊಳ್ಳುತ್ತಾರೆ.

ಸಂಘದ ಕಾರ್ಯಕ್ರಮಗಳಿಗೂ ಇದೇ ಮಾತು. ಊಟ ತರಿಸುವ ಹೋಟೆಲಿನವರಿಗೆ ತಲೆಲೆಕ್ಕ ಮೊದಲೇ ಕೊಡಬೇಕು, ಕೊಟ್ಟ ಮೇಲೆ ಬಂದರೂ ಬಾರದಿದ್ದರೂ ದುಡ್ಡು ಕೊಡಲೇಬೇಕು. ಒಂದು ಊಟಕ್ಕೆ 25 ಡಾಲರ್ ಎಂದು ಇಟ್ಟುಕೊಳ್ಳಿ. ಬರುತ್ತೇವೆಂದು ಹೇಳಿದ ಮೂವತ್ತು ಜನ ಬಾರದಿದ್ದರೆ 750 ಡಾಲರ್. ಮಕ್ಕಳ ಕನ್ನಡ ಶಾಲೆಗೆ ಅದರಲ್ಲಿ ಎಷ್ಟು ಪುಸ್ತಕ ಬರುತ್ತಿತ್ತು ಎಂದು ಖಜಾಂಚಿಯವರನ್ನು ಕೇಳಿ. ಅಲ್ಲೇ ಕುಳಿತಿದ್ದಾರೆ.

ಇನ್ನು "ನಮ್ಮ ಅತ್ತಿಗೆಯ ತಮ್ಮ ಬಂದಿದ್ದಾನೆ, ಕರ್ಕೊಂಡು ಬರ್ಲಾ?" ಎಂದು ಕೇಳುವವರು. ಇವರು ಕೇಳುತ್ತಾರಲ್ಲ, ಅವರ ಬಗ್ಗೆ ನನ್ನ ತಕರಾರಿಲ್ಲ. ಯಾವ ಮನೆಯವರೂ ಬೇಡ ಎನ್ನುವುದಿಲ್ಲ. ನಿನ್ನೆ ಬಂದಿಳಿದ ಹುಡುಗನಿಗೆ ಒಂದು ಹಿಡಿ ಸಾರನ್ನ ಹಾಕುವುದಕ್ಕಿಂತ ದೊಡ್ಡ ಸಂತೋಷ ನಮಗೂ ಇಲ್ಲ. ತಕರಾರು ಇರುವುದು ಬಾಗಿಲು ತೆರೆದಾಗ ಕಾರಿನಿಂದ ಇಳಿಯುತ್ತಲೇ ಇರುವವರ ಬಗ್ಗೆ.

ಎರಡನೆಯದು ಹೊತ್ತು. ಇದನ್ನು ಹೇಳಿದರೆ "ಇಂಡಿಯನ್ ಟೈಮು" ಎಂದು ನಕ್ಕುಬಿಡುತ್ತೀರಿ. ಅದೇ ಜನ ಸೋಮವಾರ ಬೆಳಿಗ್ಗೆ 6.42ರ ರೈಲನ್ನು ಹಿಡಿಯಲು 6.35ಕ್ಕೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿರುತ್ತಾರೆ. ಹಾಗಾಗಿ ಇದು ನಮ್ಮ ರಕ್ತದಲ್ಲಿ ಇರುವ ಗುಣ ಎಂದು ನಾನು ಒಪ್ಪುವುದಿಲ್ಲ. ಪಾರ್ಕ್‌ವೇಯಲ್ಲಿ ಟ್ರಾಫಿಕ್ ಇತ್ತು ಎಂಬುದನ್ನೂ ಒಪ್ಪುವುದಿಲ್ಲ, ಅಲ್ಲಿ ಟ್ರಾಫಿಕ್ ಇಲ್ಲದ ದಿನ ಯಾವುದು?

ತಡವಾಗಿ ಬರುವುದರಿಂದ ಊಟ ಆರುತ್ತದೆ ಎಂಬುದು ಸಣ್ಣ ವಿಷಯ ಎಂದುಕೊಳ್ಳಬೇಡಿ. ಇಲ್ಲಿನ ಕೃಷಿ ಇಲಾಖೆಯವರ ನಿಯಮ ಒಂದಿದೆ. ಬೇಯಿಸಿದ ಆಹಾರವನ್ನು 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು, ಹೊರಗೆ 90 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅನ್ನದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯದೆ ಉಳಿದು, ಅನ್ನ ಉಗುರುಬೆಚ್ಚಗೆ ಕೂತಿದ್ದರೆ ಬೆಳೆಯುತ್ತವೆ. ಚಿತ್ರಾನ್ನ, ಮೊಸರನ್ನ, ಪಲಾವು, ನಮ್ಮ ಮೇಜಿನ ಮೇಲೆ ಮುಕ್ಕಾಲು ಪಾಲು ಅನ್ನವೇ ಅಲ್ಲವೆ? ಈಗ ಲೆಕ್ಕ ಹಾಕಿ. ಆರು ಗಂಟೆಗೆ ಕರೆದವರು ಆರೂವರೆಗೆ ಎಲ್ಲ ಜೋಡಿಸಿದರು. ಎಂಟಕ್ಕೆ ಅರ್ಧ ಜನ ಬಂದರು. "ಎಲ್ಲಾರೂ ಬರಲಿ ಬಿಡಿ, ಒಟ್ಟಿಗೆ ಊಟ ಮಾಡೋಣ" ಎಂದು ಇನ್ನು ಕೆಲವರು ಸಮೋಸ ಹಿಡಿದು ಕುಳಿತರು. ಒಂಬತ್ತಕ್ಕೆ ತಟ್ಟೆ ಕೈಗೆ ಬಂತು. ಸೋಮವಾರ ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೆಸರು ಬರುವುದು ಅಡುಗೆ ಮಾಡಿದವಳಿಗೆ.

ಹಾಗೆಂದು ಆರು ಎಂದರೆ ಐದೂ ಮುಕ್ಕಾಲಿಗೆ ಗಂಟೆ ಒತ್ತಬೇಡಿ! ಆಗ ಮನೆಯಾಕೆ ಸ್ನಾನಕ್ಕೆ ಹೋಗಿರುತ್ತಾಳೆ, ಯಜಮಾನರು ಬನಿಯನ್ನಿನಲ್ಲಿ ಕುರ್ಚಿ ಹೊರುತ್ತಿರುತ್ತಾರೆ. ಆರೂ ಕಾಲು ಒಳ್ಳೆಯ ಮುಹೂರ್ತ.

ಪಾಟ್‌ಲಕ್ ಬಗ್ಗೆ ಒಂದೆರಡು ಮಾತು. ಪಟ್ಟಿಯಲ್ಲಿ ಏನು ಬರೆದಿರೋ ಅದನ್ನು ತನ್ನಿ. ಪಲ್ಯ ತರುತ್ತೇನೆಂದು ಬರೆದು ಆಲೂಗಡ್ಡೆ ಚಿಪ್ಸಿನ ಚೀಲ ತರುವುದು ಪಲ್ಯದ ವ್ಯಾಖ್ಯಾನವನ್ನು ಸ್ವಲ್ಪ ಹೆಚ್ಚೇ ಎಳೆದಂತೆ. ಮುಖ್ಯವಾದದ್ದು ಬೇರೆ ಇದೆ. ಅದರಲ್ಲಿ ಏನೇನು ಹಾಕಿದೆ ಎಂದು ಒಂದು ಚೀಟಿಯಲ್ಲಿ ಬರೆದು ಪಾತ್ರೆಗೆ ಅಂಟಿಸಿ. ನಮ್ಮ ಕಾಲದಲ್ಲಿ ಕಡಲೆಕಾಯಿ ಆಗದ ಮಗುವನ್ನು ನಾವು ಕಂಡವರಲ್ಲ, ಈಗ ಪ್ರತಿ ಪಾರ್ಟಿಯಲ್ಲೂ ಒಂದೆರಡು ಮಕ್ಕಳಿರುತ್ತಾರೆ. ಈ ದೇಶದಲ್ಲಿ ಪೊಟ್ಟಣದ ಆಹಾರದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿ ಪದಾರ್ಥಗಳು 2004ರ ಕಾಯಿದೆಯಲ್ಲಿ ಎಂಟು ಇದ್ದವು. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯ ಜಾತಿ, ಗೋಡಂಬಿ-ಬಾದಾಮಿಯಂಥ ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯ. 2023ರ ಜನವರಿ 1ರಿಂದ ಒಂಬತ್ತನೆಯದಾಗಿ ಎಳ್ಳು ಸೇರಿದೆ. ಪುಳಿಯೋಗರೆಯಲ್ಲಿ ಎಳ್ಳೂ ಇದೆ, ಕಡಲೆಕಾಯಿಯೂ ಇದೆ. ಹಬ್ಬದ ಸಂಭ್ರಮದಲ್ಲಿ ಕೊಡುವ ಚಿಗಳಿ ಪೂರ್ತಿ ಎಳ್ಳೇ. ಅಷ್ಟೇಕೆ, ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬಿಯ ಹಿಂದೆ ಓದಿ ನೋಡಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗೋಧಿ ಆಗದವರು ಬರೀ ಅನ್ನ ಸಾರು ತಿಂದೆವೆಂದು ನಿಶ್ಚಿಂತೆಯಿಂದ ಇರುತ್ತಾರೆ, ಗೋಧಿ ಒಗ್ಗರಣೆಯ ಮೂಲಕ ಬಂದಿರುತ್ತದೆ! "ಸ್ವಲ್ಪ ತಿಂದರೆ ಏನೂ ಆಗಲ್ಲ ಪುಟ್ಟಾ, ಅಜ್ಜಿ ಮಾಡಿದ್ದು" ಎಂದು ಬೇರೆಯವರ ಮಗುವಿನ ಬಾಯಿಗೆ ಉಂಡೆ ಇಡುವ ಅಭ್ಯಾಸ ಇದೆಯಲ್ಲ, ಪ್ರೀತಿಯಿಂದಲೇ ಮಾಡುವುದು, ಅದನ್ನು ಬಿಟ್ಟುಬಿಡೋಣ. ತಾಯಿಯನ್ನು ಕೇಳಿ ಕೊಡೋಣ. ಅದೇ ರೀತಿ, ಮಗುವಿಗೆ ಅಲರ್ಜಿ ಇದ್ದರೆ ಕರೆದವರಿಗೆ ಮೊದಲೇ ಹೇಳಿ, ಚುಚ್ಚುಮದ್ದಿನ ಪೆನ್ನನ್ನು ಕಾರಿನಲ್ಲಿ ಬಿಡದೆ ಜೊತೆಯಲ್ಲೇ ಇಟ್ಟುಕೊಳ್ಳಿ.

ಒಳಗೆ ಬಂದ ಮೇಲೆ ಮನೆ ತೋರಿಸುತ್ತಾರೆ. ನೋಡೋಣ. ಚೆನ್ನಾಗಿದೆ ಎನ್ನೋಣ. "ಎಷ್ಟಕ್ಕೆ ತಗೊಂಡ್ರಿ? ಟ್ಯಾಕ್ಸ್ ಎಷ್ಟು ಬರುತ್ತೆ?" ಎಂಬುದು ಬೇಡ, ಆ ಲೆಕ್ಕವನ್ನು ನೀವು ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ನೋಡಿಯೇ ನೋಡುತ್ತೀರಿ. ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ದಂಪತಿ ಕರೆದಾಗ ಅವರ ಎರಡೇ ಕುರ್ಚಿಗಳನ್ನು ನೋಡಿ ಏನೂ ಹೇಳದೆ ನೆಲದ ಮೇಲೆ ಕುಳಿತುಬಿಡಿ. ವೀಸಾ ಎಲ್ಲಿಗೆ ಬಂತು, ಹಸಿರು ಕಾರ್ಡು ಯಾವಾಗ ಎಂದು ಆ ಹುಡುಗನನ್ನು ಹತ್ತು ಜನರ ಎದುರು ಕೇಳಬೇಡಿ. ಅವನು ಅದನ್ನು ಮರೆಯಲೆಂದೇ ನಿಮ್ಮನ್ನು ಕರೆದಿರಬಹುದು. ಹಾಗೆಯೇ, ಯಾರ ಮಗನಿಗೆ ಯಾವ ಕಾಲೇಜು ಸಿಕ್ಕಿತು ಎಂಬ ವಿಚಾರಣೆಯನ್ನು ಮಕ್ಕಳ ಮುಂದೆ ಮಾಡಬೇಡಿ. ಫೋಟೋ ತೆಗೆದರೆ ಹಾಕುವ ಮುಂಚೆ ಕೇಳಿ. ಇದನ್ನು ವಿಸ್ತರಿಸುವುದಿಲ್ಲ, ಕರೆಯದೇ ಇದ್ದವರು ಅದೇ ರಾತ್ರಿ ಫೇಸ್‌ಬುಕ್ಕಿನಲ್ಲಿ ನೋಡಿದ ಕಥೆಗಳು ನಿಮಗೆಲ್ಲ ಗೊತ್ತು.

ಈಗ ನನ್ನ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಎಲ್ಲ ಪಾರ್ಟಿಯಲ್ಲೂ ಸೋಫಾದ ಒಂದು ಮೂಲೆಯಲ್ಲಿ ಒಬ್ಬರು ಕುಳಿತಿರುತ್ತಾರೆ. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸಾಕ್ಸು, ತೊಡೆಯ ಮೇಲೆ ಕಾಗದದ ತಟ್ಟೆ. ಮನೆಯವರ ತಾಯಿಯೋ ಅತ್ತೆಯೋ, ಆರು ತಿಂಗಳಿಗೆ ಬಂದವರು. ನಾವು ಒಳಗೆ ಬರುತ್ತಲೇ "ನಮಸ್ಕಾರ ಅಮ್ಮಾ, ಯಾವಾಗ ಬಂದ್ರಿ? ಚಳಿ ಒಗ್ಗಿತಾ?" ಎಂದು ಕೇಳಿ, ಉತ್ತರ ಪೂರ್ತಿ ಬರುವ ಮುಂಚೆ ಅಡುಗೆಮನೆ ಕಡೆ ನಡೆದಿರುತ್ತೇವೆ. ನಂತರ ಬಂದವರೂ ಅದನ್ನೇ ಕೇಳುತ್ತಾರೆ. ಒಂದು ಸಂಜೆಯಲ್ಲಿ ಆ ತಾಯಿ ಇಪ್ಪತ್ತು ಸಲ "ಒಗ್ಗಿತಮ್ಮಾ" ಎನ್ನುತ್ತಾರೆ. ಆಮೇಲೆ ರಾತ್ರಿ ಹತ್ತರ ತನಕ ಯಾರೂ ಇಲ್ಲ. ವಾರವಿಡೀ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಬೀದಿಗೆ ಇಳಿದರೆ ಮಾತನಾಡಲು ಮನುಷ್ಯರಿಲ್ಲ. ಶನಿವಾರ ನಲವತ್ತು ಜನ ಕನ್ನಡಿಗರು ಮನೆಗೆ ಬರುತ್ತಾರೆಂದು ಬೆಳಿಗ್ಗೆಯಿಂದ ಹೋಳಿಗೆ ತಟ್ಟಿದವರು ಅವರೇ. ಆ ನಲವತ್ತು ಜನರೂ ಅವರ ಹೋಳಿಗೆ ತಿಂದು ಅವರ ಜೊತೆ ಮಾತನಾಡದೆ ಹೋಗುತ್ತಾರೆ.

ಒಬ್ಬೊಬ್ಬರು ಹತ್ತು ನಿಮಿಷ ಕುಳಿತರೆ ಸಾಕು. "ನಿಮ್ಮದು ಯಾವೂರು?" ಎಂದು ಕೇಳಿ. ತಿಪಟೂರು ಎಂದರೆ ತೆಂಗಿನ ತೋಟದ ಕಥೆ ಬರುತ್ತದೆ, ಸಿರಸಿ ಎಂದರೆ ಮಾರಿಕಾಂಬೆ ಜಾತ್ರೆಯ ಕಥೆ ಬರುತ್ತದೆ, ಧಾರವಾಡ ಎಂದರೆ ಮಾತು ನಿಲ್ಲುವುದೇ ಇಲ್ಲ! ಇಲ್ಲಿ ಹುಟ್ಟಿದ ನಿಮ್ಮ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಕೆಯ ಕನ್ನಡಕ್ಕೆ ಭಾನುವಾರದ ತರಗತಿಯಲ್ಲಿ ನಾವು ವರ್ಷವಿಡೀ ಮಾಡಲಾಗದ್ದನ್ನು ಒಬ್ಬ ಅಜ್ಜಿ ಒಂದು ಸಂಜೆಯಲ್ಲಿ ಮಾಡುತ್ತಾರೆ, ಏಕೆಂದರೆ ಅವರಿಗೆ ಇಂಗ್ಲಿಷಿಗೆ ಜಾರುವ ದಾರಿಯೇ ಇಲ್ಲ. ಕನ್ನಡ ಉಳಿಸುವ ವಿಷಯ ಮಾತನಾಡುವುದಿಲ್ಲ ಎಂದಿದ್ದೆ, ಬಂದೇ ಬಂತು ನೋಡಿ.

ಅಡುಗೆಮನೆಯಲ್ಲಿ ನಿಂತಿರುವ ಮನೆಯಾಕೆಯ ವಿಷಯವೂ ಇದಕ್ಕೆ ಸೇರಿದ್ದೇ. ಬಿಸಿಬಿಸಿ ದೋಸೆ ಹಾಕುತ್ತೇನೆಂದು ಆಕೆ ಹೇಳುತ್ತಾಳೆ, ನಾವು ಸಾಲಾಗಿ ನಿಲ್ಲುತ್ತೇವೆ. ಅರವತ್ತನೆಯ ದೋಸೆಯ ಹೊತ್ತಿಗೆ ಆಕೆಯ ರೇಷ್ಮೆ ಸೀರೆಗೂ ಮುಖಕ್ಕೂ ಒಂದೇ ಬಣ್ಣ. ಕಡೆಗೆ ಉಳಿದ ಹರಕು ದೋಸೆಯನ್ನು ನಿಂತುಕೊಂಡೇ ತಿಂದು, "ಊಟ ಆಯ್ತು ನಂದು" ಎನ್ನುತ್ತಾಳೆ. ಯಾರಾದರೂ ಒಬ್ಬರು ಸೌಟು ಕೈಯಿಂದ ಕಿತ್ತುಕೊಳ್ಳಿ. ಗಂಡಸರು ಕಿತ್ತುಕೊಂಡರೆ ಇನ್ನೂ ಒಳ್ಳೆಯದು. ಮಸಾಲೆ ದೋಸೆಯ ಭಟ್ಟರೆಲ್ಲ ಗಂಡಸರೇ, ಇದು ನಿಮಗೆ ಬಾರದ ವಿದ್ಯೆ ಎಂದು ಯಾರೂ ನಂಬುವುದಿಲ್ಲ. "ಏನಾದರೂ ಹೆಲ್ಪ್ ಮಾಡ್ಲಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರೆ "ಬೇಡಿ ಬೇಡಿ, ಕೂತ್ಕೊಳ್ಳಿ" ಎಂಬ ಉತ್ತರ ಬರುತ್ತದೆಂದು ಕೇಳುವವರಿಗೂ ಗೊತ್ತು. ಕೇಳಬೇಡಿ, ಕಸದ ಚೀಲ ತುಂಬಿದ್ದರೆ ಕಟ್ಟಿ ಹೊರಗಿಟ್ಟು ಬನ್ನಿ.

ಮಕ್ಕಳ ವಿಷಯ. ಇಲ್ಲಿ ನಾನು ನಗಿಸುವುದಿಲ್ಲ. ನಮ್ಮವರಲ್ಲಿ ಈಗ ಅನೇಕರ ಮನೆಯ ಹಿತ್ತಲಲ್ಲಿ ಈಜುಕೊಳ ಇದೆ. ಜೂನ್ ಬಂತೆಂದರೆ ಪೂಲ್ ಪಾರ್ಟಿ. ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಬೇರೆ ಯಾವುದೇ ಕಾರಣಕ್ಕಿಂತ ಹೆಚ್ಚಾಗಿ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರ, ಸಿ.ಡಿ.ಸಿ., ಹೇಳುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಮಗು ಕೈ ಬೀಸಿ ಕೂಗುವುದಿಲ್ಲ. ಸದ್ದೇ ಆಗುವುದಿಲ್ಲ, ಕೆಲವು ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ. ನಲವತ್ತು ಜನ ಸುತ್ತ ಇದ್ದರೆ ಮಗು ಕ್ಷೇಮ ಎಂದು ನಮಗೆ ಅನ್ನಿಸುತ್ತದೆ. ಊರಿನ ವಠಾರದಲ್ಲಿ ಅದು ನಿಜವಾಗಿತ್ತು, ಅಲ್ಲಿ ಪ್ರತಿ ಜಗುಲಿಯ ಮೇಲೂ ಒಬ್ಬ ಅಜ್ಜಿ ಕಾವಲಿರುತ್ತಿದ್ದಳು. ಇಲ್ಲಿ ತಾಯಿ ತಂದೆ ನೋಡುತ್ತಿದ್ದಾನೆ ಎಂದುಕೊಂಡಿರುತ್ತಾಳೆ, ತಂದೆ ತಾಯಿ ನೋಡುತ್ತಿದ್ದಾಳೆ ಎಂದುಕೊಂಡಿರುತ್ತಾನೆ, ಉಳಿದವರು ಅವರಿಬ್ಬರೂ ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ.

ಆದ್ದರಿಂದ ಕೊಳವಿರುವ ಮನೆಗೆ ಹೋದಾಗ ದೊಡ್ಡವರು ಸರದಿ ಹಾಕಿಕೊಳ್ಳಿ. ಹದಿನೈದು ನಿಮಿಷ ಒಬ್ಬರು. ಆ ಹದಿನೈದು ನಿಮಿಷ ಕೈಯಲ್ಲಿ ಫೋನಿಲ್ಲ, ಗ್ಲಾಸಿಲ್ಲ, ಹರಟೆಯಿಲ್ಲ, ಕಣ್ಣು ನೀರಿನ ಮೇಲೆ. ಮುಗಿದ ಮೇಲೆ ಇನ್ನೊಬ್ಬರ ಹೆಸರು ಹಿಡಿದು ಕರೆದು, "ಈಗ ನಿಮ್ಮ ಸರದಿ" ಎಂದು ಬಾಯಿಬಿಟ್ಟು ಹೇಳಿ ಏಳಬೇಕು. ಊಟಕ್ಕೆ ಎದ್ದಾಗ ಎಲ್ಲ ಮಕ್ಕಳನ್ನೂ ನೀರಿನಿಂದ ತೆಗೆದು ಬೇಲಿಯ ಬಾಗಿಲು ಹಾಕಿ. ಮಗು ಕಾಣದಿದ್ದರೆ ಮೊದಲು ಹುಡುಕಬೇಕಾದದ್ದು ಬೇಸ್‌ಮೆಂಟಿನಲ್ಲಲ್ಲ, ನೀರಿನಲ್ಲಿ. ಮನೆಯವರು ಅಡುಗೆಯಲ್ಲಿರುತ್ತಾರೆ, ಇದು ಅವರಿಗೆ ಬಿಡುವ ಕೆಲಸವಲ್ಲ, ಬಂದವರದು.

ಗ್ಲಾಸಿನ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಹಿರಿಯರು ಕ್ಷಮಿಸಬೇಕು. ಕುಡಿಯುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಬರುವುದಿಲ್ಲ. ಕುಡಿದು ಕಾರು ಓಡಿಸುವುದರ ಬಗ್ಗೆ ನಮ್ಮ ಈ ರಾಜ್ಯದಲ್ಲೇ 1984ರಲ್ಲಿ ಒಂದು ದೊಡ್ಡ ತೀರ್ಪು ಬಂತು. ಸ್ನೇಹಿತನ ಮನೆಯಲ್ಲಿ ಕುಡಿದು ಹೊರಟ ಒಬ್ಬಾತ ದಾರಿಯಲ್ಲಿ ಎದುರಿನಿಂದ ಬರುತ್ತಿದ್ದ ಮಹಿಳೆಯ ಕಾರಿಗೆ ಗುದ್ದಿದ. ಕುಡಿಸಿದ ಮನೆಯವನೂ ಹೊಣೆಗಾರನಾಗಬಹುದು ಎಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. 1987ರಲ್ಲಿ ಕಾನೂನು ಮಾಡಿ ಆ ಹೊಣೆಗೆ ಮಿತಿ ಹಾಕಿದರು, ಪೂರ್ತಿ ತೆಗೆದುಹಾಕಲಿಲ್ಲ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ಕಾನೂನು ಏನೇ ಇರಲಿ, ಯೋಚಿಸಿ. "ಇನ್ನೊಂದು ಹಾಕಿ ಸ್ವಾಮಿ" ಎಂದು ನೀವು ಗ್ಲಾಸು ಚಾಚಿದಾಗ, ನಿಮಗೆ ಊಟ ಹಾಕಿದವನ ಮನೆಮಠವನ್ನೂ ಪಣಕ್ಕೆ ಇಟ್ಟಿರುತ್ತೀರಿ. ದಾರಿಯಲ್ಲಿ ಎದುರಿನಿಂದ ಬರುವವರ ಪ್ರಾಣವನ್ನಂತೂ ಇಟ್ಟೇ ಇರುತ್ತೀರಿ. ಗಂಡ ಹೆಂಡತಿಯಲ್ಲಿ ಇಂದು ಓಡಿಸುವವರು ಯಾರು ಎಂಬುದು ಹೊರಡುವಾಗಲ್ಲ, ಮನೆಯಿಂದ ಬರುವಾಗಲೇ ತೀರ್ಮಾನವಾಗಿರಲಿ. ಇಬ್ಬರೂ ಕುಡಿದಿದ್ದರೆ ಕೀಲಿಕೈ ಮನೆಯವರ ಕೈಗೆ ಕೊಟ್ಟು ಬಾಡಿಗೆ ಕಾರು ಕರೆಸಿ. ಯಾರಾದರೂ "ಕೊಡಿ ಕೀ" ಎಂದು ಕೇಳಿದರೆ ಅವಮಾನ ಎಂದುಕೊಳ್ಳಬೇಡಿ.

ಹೊರಡುವುದಕ್ಕೆ ಬರೋಣ. ನಮ್ಮ ಹಳೆಯ ಕ್ರಮದಲ್ಲಿ ಇದಕ್ಕೊಂದು ಸೊಗಸಾದ ಏರ್ಪಾಡಿತ್ತು. ಮನೆಯಾಕೆ ಕುಂಕುಮದ ಭರಣಿ, ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಬಂದರೆ ಅದೇ ಸೂಚನೆ. ಯಾರೂ ಯಾರನ್ನೂ ಹೋಗಿ ಎನ್ನಬೇಕಾಗಿರಲಿಲ್ಲ. ಕುಂಕುಮ ಇಟ್ಟುಕೊಂಡು, ತಾಂಬೂಲ ಸೆರಗಿಗೆ ಹಾಕಿಕೊಂಡು, "ಹೋಗಿ ಬರ್ತೀವಿ" ಎಂದರೆ ಮುಗಿಯಿತು. ಇಲ್ಲಿ ಆ ಸೂಚನೆ ಇಲ್ಲ. "ಹೊರಡೋಣ್ವಾ?" ಎಂದು ಹೆಂಡತಿ ಒಂಬತ್ತೂವರೆಗೆ ಕೇಳುತ್ತಾಳೆ, ಹತ್ತಕ್ಕೆ ಏಳುತ್ತಾರೆ, ಹತ್ತೂಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಾರೆ. ಆಮೇಲೆ ಬಾಗಿಲಲ್ಲಿ ಎರಡನೆಯ ಪಾರ್ಟಿ ಶುರು. ಇಡೀ ಸಂಜೆ ಬಾರದ ಮುಖ್ಯ ವಿಷಯಗಳೆಲ್ಲ ಆಗ ಬರುತ್ತವೆ. ಜನವರಿಯಲ್ಲಾದರೆ ತೆರೆದ ಬಾಗಿಲಿನಿಂದ ಮನೆಯ ಬಿಸಿಯೆಲ್ಲ ಹೊರಗೆ, ಹೊರಗಿನ ಹಿಮವೆಲ್ಲ ಒಳಗೆ. ಮನೆಯವರ ಮಗು ಮೆಟ್ಟಿಲ ಮೇಲೆ ನಿದ್ದೆ ಹೋಗಿರುತ್ತದೆ. ನನ್ನನ್ನು ಕೇಳಿದರೆ ಈ ಎರಡನೆಯ ಪಾರ್ಟಿಯನ್ನು ಪೂರ್ತಿ ನಿಲ್ಲಿಸುವುದು ಬೇಡ, ನಮ್ಮ ಜನಕ್ಕೆ ಅದೂ ಬೇಕು, ಹತ್ತು ನಿಮಿಷಕ್ಕೆ ಇಳಿಸೋಣ. ಸೂಚನೆಗೆ ಬೇಕಾದರೆ ನಮ್ಮ ಮನೆಯ ಪದ್ಧತಿ ಅನುಸರಿಸಿ. ನಮ್ಮ ಮನೆಯವರು ಹತ್ತು ಗಂಟೆಗೆ ಸರಿಯಾಗಿ ಎಲ್ಲರಿಗೂ ಅರ್ಧರ್ಧ ಲೋಟ ಮಜ್ಜಿಗೆ ತಂದುಕೊಡುತ್ತಾರೆ. ಅದರ ಅರ್ಥ ಈಗ ಎಲ್ಲರಿಗೂ ಗೊತ್ತಾಗಿದೆ.

ಇಷ್ಟೆಲ್ಲ ಯಾಕೆ ಹೇಳಿದೆ? ಮೊದಲೇ ಇದು ಹಗುರವಾದ ವಿಷಯವಲ್ಲ ಎಂದೆ. ಇಲ್ಲಿ ನಮ್ಮ ಮಕ್ಕಳಿಗೆ ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲ ಈ ಶನಿವಾರದ ಮನೆಗಳಲ್ಲಿ ಸಿಕ್ಕವರೇ. ಮನೆಯಲ್ಲಿ ಸಾವು ನೋವು ಬಂದಾಗ, ಊರಿನಿಂದ ಅಪರಾತ್ರಿ ಫೋನು ಬಂದಾಗ, ಟಿಕೆಟ್ ಮಾಡಿಸಿ ವಿಮಾನ ಹತ್ತಿಸುವವರೂ ಅವರೇ. ನಾನು ನೋಡುತ್ತಿದ್ದೇನೆ, ವರ್ಷಕ್ಕೆ ಆರು ಸಲ ಕರೆಯುತ್ತಿದ್ದ ಮನೆಗಳು ಎರಡಕ್ಕೆ ಇಳಿದಿವೆ, ಎರಡು ಸಲ ಕರೆಯುತ್ತಿದ್ದವರು ಹೋಟೆಲಿನ ಹಾಲ್ ಮಾಡುತ್ತಾರೆ. ಪ್ರೀತಿ ಕಡಿಮೆಯಾಗಿ ಅಲ್ಲ, ಮನೆಯಾಕೆ ದಣಿದು. ಹಾಲಿನಲ್ಲಿ ಡಿ.ಜೆ. ಇರುತ್ತಾನೆ, ಸೋಫಾದ ಮೂಲೆ ಇರುವುದಿಲ್ಲ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಕೊನೆಯದಾಗಿ ಪಾತ್ರೆಗಳ ವಿಷಯ. ಹೊರಡುವಾಗ ಮನೆಯವರು ಉಳಿದದ್ದನ್ನು ಕಟ್ಟಿಕೊಡುತ್ತಾರೆ, ಬೇಡ ಬೇಡ ಎನ್ನುತ್ತಾ ತೆಗೆದುಕೊಳ್ಳುತ್ತೇವೆ. ಮೊಸರಿನ ಪ್ಲಾಸ್ಟಿಕ್ ಡಬ್ಬಿಯಾದರೆ ಚಿಂತೆಯಿಲ್ಲ, ಅದು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ, ಯಾರದೂ ಅಲ್ಲ. ಸ್ಟೀಲ್ ಡಬ್ಬಿಯಾದರೆ ಅದು ಊರಿನಿಂದ ಸೂಟ್‌ಕೇಸಿನಲ್ಲಿ ಬಂದದ್ದು, ವಾರದೊಳಗೆ ಹಿಂತಿರುಗಿಸಬೇಕು. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ಇಲ್ಲ. ಒಂದು ಹಿಡಿ ಸಕ್ಕರೆಯೋ ಎರಡು ಹಣ್ಣೋ ಹಾಕಿ ಕೊಡುತ್ತಾರೆ. ಕೊಡುವ ನೆಪದಲ್ಲಿ "ಮೊನ್ನೆ ಊಟ ಚೆನ್ನಾಗಿತ್ತು ಕಣ್ರೀ" ಎಂದು ಹೇಳುವ ಅವಕಾಶವೂ ಸಿಗುತ್ತದೆ.

ಅಂದ ಹಾಗೆ, ಹೋದ ದೀಪಾವಳಿಯಲ್ಲಿ ನಮ್ಮ ಮನೆಯಿಂದ ಎರಡು ಸ್ಟೀಲ್ ಡಬ್ಬಿಗಳು ಹೊರಟಿವೆ. ಒಂದರಲ್ಲಿ ಕೋಡುಬಳೆ ಇತ್ತು, ಇನ್ನೊಂದರಲ್ಲಿ ರವೆ ಉಂಡೆ. ಮುಚ್ಚಳದ ಮೇಲೆ ನಮ್ಮ ತಾಯಿಯ ಹೆಸರು ಕೆತ್ತಿಸಿದೆ, ಪಾತ್ರೆ ಅಂಗಡಿಯವನು ಒಂದು ಒತ್ತಕ್ಷರ ತಪ್ಪಾಗಿ ಕೆತ್ತಿದ್ದಾನೆ, ಆದ್ದರಿಂದ ಗುರುತು ಹಿಡಿಯುವುದು ಸುಲಭ. ಯಾರ ಮನೆಯಲ್ಲಿದ್ದರೂ ಸಂತೋಷ. ಇಂದು ಊಟಕ್ಕೆ ನಾನು ಎರಡನೆಯ ಪಂಕ್ತಿಯಲ್ಲಿ ಕೂರುತ್ತೇನೆ, ಕಾರು ಬಾಗಿಲ ಹತ್ತಿರವೇ ನಿಲ್ಲಿಸಿದ್ದೇವೆ.